ಸಣ್ಣ ವಿಮಾನದ ಎಂಜಿನ್ ಮೇಲೆ ಕಲೆ ಕಂಡರೆ ಒರೆಸಿಬಿಟ್ಟರೆ ಸಾಕೇ?

ಎಂಜಿನ್ ಮೇಲಿನ ಕಲೆಯ ಫೋಟೊ ನೋಡಿ "ಎಂಜಿನ್ ಕೆಟ್ಟಿತು" ಎಂದು ಹೆದರಿಸುವವರಿದ್ದಾರೆ. "ಏನೂ ಆಗಲ್ಲ, ಒರೆಸಿ ಹಾರಿಸಿ" ಎನ್ನುವವರೂ ಇದ್ದಾರೆ. ಎರಡನ್ನೂ ಕಣ್ಣುಮುಚ್ಚಿ ನಂಬಬೇಡಿ. ಕಲೆಯ ಬಣ್ಣ ಮತ್ತು ಜಾಗ ಎರಡನ್ನೂ ನೋಡಬೇಕು.

ಸೆಸ್ನಾ 172ರಂಥ ತರಬೇತಿ ವಿಮಾನಗಳಲ್ಲಿ ಇರುವುದು ಜೆಟ್ ಅಲ್ಲ, ಕಾರಿನಲ್ಲಿರುವಂಥ ಪಿಸ್ಟನ್ ಎಂಜಿನ್.

ಯಾವ ಕಲೆ ಏನು ಹೇಳುತ್ತದೆ?

ನೀಲಿ ಕಲೆ: ಈ ವಿಮಾನಗಳು ಹೆಚ್ಚಾಗಿ ಬಳಸುವ 100ಎಲ್‌ಎಲ್ ಪೆಟ್ರೋಲಿಗೆ ಗುರುತಿಗಾಗಿ ನೀಲಿ ಬಣ್ಣ ಬೆರೆಸಿರುತ್ತಾರೆ. ಪೆಟ್ರೋಲ್ ಆರಿಹೋದರೂ ಬಣ್ಣ ಉಳಿಯುತ್ತದೆ. ಅಂದರೆ ಎಲ್ಲೋ ಸೋರಿಕೆಯಿದೆ. ಬೆಂಕಿಯ ಅಪಾಯವಿರುವುದರಿಂದ ಸರಿಪಡಿಸದೆ ಹಾರುವಂತಿಲ್ಲ.

ಆಯಿಲ್ ಮುಚ್ಚಳದಡಿ ಹಾಲುಬಣ್ಣದ ಲೋಳೆ: ಆಯಿಲ್‌ಗೆ ನೀರಿನಂಶ ಸೇರಿದೆ. ಎಂಜಿನ್ ಸ್ವಲ್ಪ ಹೊತ್ತು ಮಾತ್ರ ಓಡಿ, ಆಯಿಲ್ ಚೆನ್ನಾಗಿ ಬಿಸಿಯಾಗದಿದ್ದರೆ ಹೀಗಾಗುತ್ತದೆ. ದೀರ್ಘ ಹಾರಾಟದ ನಂತರವೂ ಹೋಗದಿದ್ದರೆ ಪರೀಕ್ಷೆ ಬೇಕು. ನೀರಿನಂಶ ಒಳಗಿನ ಭಾಗಗಳಿಗೆ ತುಕ್ಕು ಹಿಡಿಸುತ್ತದೆ.

ವಿಮಾನದ ಹೊಟ್ಟೆಯ ಕೆಳಗೆ ಎಣ್ಣೆಯ ಪಸೆ: ಎಂಜಿನ್‌ನ ಗಾಳಿ ಹೊರಬಿಡುವ ಕೊಳವೆಯಿಂದ ಅಷ್ಟಿಷ್ಟು ಎಣ್ಣೆ ಬರುವುದು ಸಾಮಾನ್ಯ. ದಿಢೀರ್ ಹೆಚ್ಚಾದರೆ ಮಾತ್ರ ಎಚ್ಚರ.

ಸೈಲೆನ್ಸರ್ ಬಳಿ ಬೂದು-ಬಿಳಿ ಪುಡಿ: ಇದನ್ನು ಒರೆಸಿ ಮರೆಯಬೇಡಿ. 100ಎಲ್‌ಎಲ್‌ನಲ್ಲಿ ಲೀಟರಿಗೆ ಗರಿಷ್ಠ 0.56 ಗ್ರಾಂ ಸೀಸವಿರುತ್ತದೆ. ಉರಿದ ಹೊಗೆ ಬಿರುಕಿನಿಂದಲೋ ಸಡಿಲವಾದ ಜೋಡಣೆಯಿಂದಲೋ ಹೊರಬಂದರೆ ಸೀಸದ ಪುಡಿ ಅಲ್ಲಿ ಕೂರುತ್ತದೆ.

ಇದು ಏಕೆ ಗಂಭೀರ?

ಅನೇಕ ಸಣ್ಣ ವಿಮಾನಗಳಲ್ಲಿ ಕ್ಯಾಬಿನ್ ಬೆಚ್ಚಗಿಡುವ ಗಾಳಿ ಬಿಸಿಯಾಗುವುದು ಸೈಲೆನ್ಸರ್ ಸುತ್ತ ಹಾದುಬಂದು. ಅಲ್ಲಿ ಬಿರುಕು ಬಿಟ್ಟರೆ ಆ ಗಾಳಿಯ ಜೊತೆ ಕಾರ್ಬನ್ ಮೋನಾಕ್ಸೈಡ್ ಒಳಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

2019ರ ಜನವರಿ 21ರಂದು ಇಂಗ್ಲಿಷ್ ಕಾಲುವೆಯ ಮೇಲೆ ಪಿಸ್ಟನ್ ಎಂಜಿನ್‌ನ ಪೈಪರ್ ಮಾಲಿಬು ವಿಮಾನ ಪತನವಾಗಿ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಮತ್ತು ಪೈಲಟ್ ಮೃತಪಟ್ಟರು. ಸಾಲಾ ಅವರ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಶೇ. 58ರಷ್ಟು ಈ ಅನಿಲದೊಂದಿಗೆ ಬೆಸೆದುಕೊಂಡಿತ್ತು. ಪೈಲಟ್ ಕೂಡ ಇದರ ಪ್ರಭಾವಕ್ಕೆ ಒಳಗಾಗಿದ್ದಿರಬಹುದು ಎಂದು ಬ್ರಿಟನ್‌ನ ತನಿಖಾಧಿಕಾರಿಗಳು ಹೇಳಿದರು.

ಮೂಲ ಹುಡುಕುವುದು ಹೇಗೆ?

ಮೊದಲು ಫೋಟೊ ತೆಗೆಯಬೇಕು. ಎಣ್ಣೆಯ ಕಲೆಯಾದರೆ ಶುಚಿಮಾಡಿ, ನೆಲದ ಮೇಲೆಯೇ ಎಂಜಿನ್ ಓಡಿಸಿ, ಆರಿಸಿ ಮತ್ತೆ ನೋಡಬೇಕು. ಗಾಳಿ ಎಣ್ಣೆಯನ್ನು ಹಿಂದಕ್ಕೆ ಒಯ್ಯುವುದರಿಂದ ಕಲೆ ದೊಡ್ಡದಾಗಿರುವ ಜಾಗಕ್ಕಿಂತ ಅದು ಶುರುವಾಗುವ ಜಾಗ ಮುಖ್ಯ. ಬೂದು ಪುಡಿಯನ್ನು ಮಾತ್ರ ವಿಮಾನ ನಿರ್ವಹಣಾ ಎಂಜಿನಿಯರ್ ನೋಡುವವರೆಗೂ ಹಾಗೇ ಬಿಡಬೇಕು. ಸೀಸ ವಿಷ, ಬರಿಗೈಯಲ್ಲಿ ಮುಟ್ಟಬಾರದು.

ಕೊನೆಯ ಮಾತು: ವಿಮಾನವೇ ಹತ್ತದಿದ್ದರೂ ಇದು ನಿಮಗೂ ಸಂಬಂಧಿಸಿದ್ದು. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದಾಗ ಜೀವ ತೆಗೆಯುವುದೂ ಇದೇ ಅನಿಲ. "ವಾಸನೆ ಬಂದರೆ ಗೊತ್ತಾಗುತ್ತೆ ಬಿಡಿ" ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ವಾಸನೆ ಬರುವುದಿಲ್ಲ.