ಹಾಳುನಗರ ಕಟ್ಟುವ ಕಸುಬು: ಯುದ್ಧದಾಟದ ಮೇಜಿಗೆ ಭಗ್ನ ಕಟ್ಟಡಗಳ ತಯಾರಿಕೆ

ಹವ್ಯಾಸಗಳನ್ನು ಆಧರಿಸಿದ ಉದ್ಯಮಗಳ ಪೈಕಿ ಕರ್ನಾಟಕದ ವಾಣಿಜ್ಯ ವಲಯಕ್ಕೆ ಅಷ್ಟಾಗಿ ಪರಿಚಿತವಲ್ಲದ ಒಂದು ಕಸುಬೆಂದರೆ, ಮೇಜಿನ ಮೇಲೆ ಆಡುವ ಯುದ್ಧದಾಟಗಳಿಗೆ ಬೇಕಾದ ಹಾಳುನಗರಗಳ ಮಾದರಿ ತಯಾರಿಕೆ. ಸುಮಾರು 28 ಮಿ.ಮೀ. ಎತ್ತರದ ಗೊಂಬೆ ಸೈನಿಕರನ್ನು ಅಳತೆಪಟ್ಟಿ ಹಾಗೂ ದಾಳಗಳ ನೆರವಿನಿಂದ, ನಿಗದಿತ ನಿಯಮಗಳಿಗೆ ಅನುಸಾರವಾಗಿ ನಡೆಸುವ ಆಟವಿದು. ಇಂತಹ ಹಲವು ಆಟಗಳ ಕಥೆ ನಡೆಯುವುದು ಮಹಾವಿನಾಶಕ್ಕೆ ತುತ್ತಾದ ನಗರಗಳಲ್ಲಿ. ಆದ್ದರಿಂದ ಕುಸಿದ ಗೋಡೆ, ಜೋತುಬಿದ್ದ ಚಾವಣಿ, ಇಟ್ಟಿಗೆ ರಾಶಿ ಮೊದಲಾದವುಗಳ ಕಿರು ಮಾದರಿಗಳಿಗೆ ಸ್ಥಿರವಾದ ಬೇಡಿಕೆಯಿದೆ.

ಈ ಕಸುಬಿನಲ್ಲಿ ತೊಡಗಿರುವ ಸಣ್ಣ ತಯಾರಕರು ಇಂದು ಎರಡು ಕಡೆಯಿಂದ ಇಕ್ಕಟ್ಟಿಗೆ ಸಿಲುಕಿದ್ದಾರೆ. ಒಂದೆಡೆ ಉಕ್ಕಿನ ಅಚ್ಚುಗಳಲ್ಲಿ ಸಾವಿರಾರು ಪ್ರತಿಗಳನ್ನು ತೆಗೆಯುವ ದೊಡ್ಡ ಕಂಪನಿಗಳಿವೆ. ಇನ್ನೊಂದೆಡೆ ಗ್ರಾಹಕನ ಮನೆಗೇ ಮೂರು ಆಯಾಮದ ಮುದ್ರಣ ಯಂತ್ರ ಬಂದಿದೆ. ಇವೆರಡರ ನಡುವೆ ಸಣ್ಣ ತಯಾರಕನಿಗೆ ಉಳಿಯುವ ಬಂಡವಾಳ ಯಾವುದು ಎಂಬುದು ವಿಚಾರಾರ್ಹ.

ಹಿನ್ನೆಲೆ ಮತ್ತು ಮಾರುಕಟ್ಟೆ

ಯುದ್ಧದಾಟಕ್ಕೆ ಭೂದೃಶ್ಯ ಜೋಡಿಸುವ ಪದ್ಧತಿ ಹೊಸದಲ್ಲ. ಪ್ರಷ್ಯಾದ ದೊರೆಗೆ 1812ರಲ್ಲಿ ಒಪ್ಪಿಸಲಾದ ಯುದ್ಧದಾಟದ ಮೇಜಿನಲ್ಲಿಯೇ ಬೇಕಾದಂತೆ ಜೋಡಿಸಬಹುದಾದ ನೆಲದ ತುಣುಕುಗಳಿದ್ದವು. ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಪ್ರಕಟಿಸಿದ ‘ಲಿಟಲ್ ವಾರ್ಸ್’ ಪುಸ್ತಕವು ಆಟಿಕೆ ಸೈನಿಕರ ಆಟಕ್ಕೆ ನಿಯಮಗಳನ್ನು ಒದಗಿಸಿತು.

ಇದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದ ಕೀರ್ತಿ ಬಹುಮಟ್ಟಿಗೆ 1975ರಲ್ಲಿ ಲಂಡನ್ನಿನಲ್ಲಿ ಆರಂಭವಾಗಿ ಮುಂದೆ ನಾಟಿಂಗ್‌ಹ್ಯಾಮ್‌ನಲ್ಲಿ ನೆಲೆನಿಂತ ಗೇಮ್ಸ್ ವರ್ಕ್‌ಶಾಪ್ ಕಂಪನಿಗೆ ಸಲ್ಲುತ್ತದೆ. ಅದರ ‘ವಾರ್‌ಹ್ಯಾಮರ್ 40,000’ ಆಟವು 1987ರಲ್ಲಿಯೂ, ಧೂಮಕೇತು ಅಪ್ಪಳಿಸಿ ನಾಶವಾದ ನಗರವನ್ನೇ ರಂಗವಾಗಿಸಿಕೊಂಡ ‘ಮೋರ್ಡ್‌ಹೈಮ್’ 1999ರಲ್ಲಿಯೂ ಹೊರಬಂದವು. ಕಂಪನಿಯು 2024ರ ಡಿಸೆಂಬರ್‌ನಲ್ಲಿ ಲಂಡನ್ ಷೇರುಪೇಟೆಯ ಅಗ್ರ ನೂರು ಕಂಪನಿಗಳ ಸೂಚ್ಯಂಕಕ್ಕೆ ಸೇರ್ಪಡೆಯಾಯಿತು. 2025ರ ಜೂನ್ ಆರಂಭಕ್ಕೆ ಮುಗಿದ ಆರ್ಥಿಕ ವರ್ಷದಲ್ಲಿ ಅದರ ಆದಾಯ 60 ಕೋಟಿ ಪೌಂಡ್‌ಗಳನ್ನು ದಾಟಿತು.

ಈ ಕಂಪನಿಯ ಸುತ್ತಮುತ್ತ ಅದೇ ಕಸುಬಿನ ಹಲವು ಸಂಸ್ಥೆಗಳು ಹುಟ್ಟಿಕೊಂಡು, ನಾಟಿಂಗ್‌ಹ್ಯಾಮ್ ಪ್ರದೇಶಕ್ಕೆ ‘ಸೀಸದ ಪಟ್ಟಿ’ ಎಂಬ ಅಡ್ಡಹೆಸರು ಬಂದಿದೆ. ಮೊದಮೊದಲು ಗೊಂಬೆಗಳನ್ನು ಸೀಸದ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಿದ್ದುದೇ ಈ ಹೆಸರಿಗೆ ಕಾರಣ.

ಹಾಳಿಗೂ ಒಂದು ಕ್ರಮವಿದೆ

ಕಟ್ಟಡದ ಮಾದರಿಯನ್ನು ಮೊದಲು ಇಡಿಯಾಗಿ ಮಾಡಿ, ನಂತರ ಅಲ್ಲಲ್ಲಿ ಮುರಿದರೆ ಹಾಳುನಗರ ಸಿದ್ಧವಾಯಿತೆಂದು ಹೊಸಬರು ಭಾವಿಸುವುದುಂಟು. ಹಾಗೆ ಮಾಡಿದ ಮಾದರಿಯು ಮುರಿದ ಆಟಿಕೆಯಂತೆ ತೋರುತ್ತದೆಯೇ ಹೊರತು ಕುಸಿದ ಕಟ್ಟಡದಂತೆ ಅಲ್ಲ. ಪ್ರತಿಯೊಂದು ಬಗೆಯ ಕಟ್ಟಡವೂ ತನ್ನದೇ ಆದ ರೀತಿಯಲ್ಲಿ ಬೀಳುತ್ತದೆ.

ಇಟ್ಟಿಗೆ ಗೋಡೆಯೇ ಭಾರ ಹೊರುವ ಕಟ್ಟಡದಲ್ಲಿ ಬಿರುಕು ಗಾರೆಯ ಸಂದುಗಳನ್ನು ಅನುಸರಿಸಿ ಮೆಟ್ಟಿಲುಮೆಟ್ಟಿಲಾಗಿ ಸಾಗುತ್ತದೆ. ಕಿಟಕಿ ಬಾಗಿಲುಗಳ ಮೂಲೆಗಳಿಂದ ಅದು ಆರಂಭವಾಗುವುದೇ ಹೆಚ್ಚು. ಎರಡು ಗೋಡೆಗಳು ಕೂಡುವ ಮೂಲೆಗಳು ಒಂದಕ್ಕೊಂದು ಆಸರೆಯಾಗಿ ಕೊನೆಯವರೆಗೂ ನಿಲ್ಲುತ್ತವೆ. ಮರದ ಅಟ್ಟ ಸುಟ್ಟುಹೋದರೂ ತೊಲೆಗಳನ್ನು ಕೂರಿಸಿದ್ದ ಗುಳಿಗಳು ಗೋಡೆಯಲ್ಲಿ ಸಾಲಾಗಿ ಉಳಿಯುತ್ತವೆ. ಇಂಗ್ಲೆಂಡಿನ ಕವೆಂಟ್ರಿ ನಗರದ ಕಲ್ಲಿನ ಪ್ರಧಾನ ಇಗರ್ಜಿ 1940ರ ನವೆಂಬರ್ 14ರ ರಾತ್ರಿಯ ಬಾಂಬ್ ದಾಳಿಯಲ್ಲಿ ಉರಿದಾಗ ಚಾವಣಿ ಕುಸಿದರೂ ಹೊರಗೋಡೆಗಳು ಹಾಗೂ ಗೋಪುರ ನಿಂತವು. ಅವು ಇಂದಿಗೂ ಹಾಗೆಯೇ ಉಳಿದಿವೆ.

ಕಾಂಕ್ರೀಟ್ ಚೌಕಟ್ಟಿನ ಕಟ್ಟಡದ ರೀತಿ ಇದಕ್ಕೆ ತದ್ವಿರುದ್ಧ. ಕಂಬಗಳ ನಡುವೆ ಕಟ್ಟಿದ ತೆಳು ಗೋಡೆಗಳು ಮೊದಲು ಹಾರಿಹೋಗುತ್ತವೆ. ಕಂಬ, ತೊಲೆ ಮತ್ತು ಸ್ಲ್ಯಾಬುಗಳು ಅಸ್ಥಿಪಂಜರದಂತೆ ನಿಲ್ಲುತ್ತವೆ. ಒಡೆದ ಸ್ಲ್ಯಾಬು ತುಂಡಾಗಿ ಬೀಳದೆ ಕಬ್ಬಿಣದ ಸರಳುಗಳಿಗೆ ಜೋತುಬೀಳುತ್ತದೆ.

ಪೆಟ್ಟು ಬಂದ ದಿಕ್ಕನ್ನೂ ಗಮನಿಸಬೇಕು. ಹಿರೋಷಿಮಾದಲ್ಲಿ 1945ರಲ್ಲಿ ಅಣುಬಾಂಬು ಸಿಡಿದಾಗ, ಇಂದು ಸ್ಮಾರಕವಾಗಿರುವ ಗುಮ್ಮಟದ ಕಟ್ಟಡಕ್ಕೆ ಆಘಾತ ಬಹುತೇಕ ನೆತ್ತಿಯ ಮೇಲಿಂದಲೇ ಬಂದಿತು. ಅದರ ಲಂಬ ಗೋಡೆಗಳು ಭಾಗಶಃ ಉಳಿದುದಕ್ಕೆ ಇದೇ ಮುಖ್ಯ ಕಾರಣ. ಇಂತಹ ತಾಣಗಳು ಸಹಸ್ರಾರು ಜನರ ಸಾವಿನ ಸಾಕ್ಷಿಗಳು. ಅವುಗಳಿಂದ ಕಟ್ಟಡ ಕುಸಿಯುವ ಬಗೆಯನ್ನು ಅರಿಯಬಹುದು; ಆದರೆ ಅವುಗಳ ಹೆಸರಿನಲ್ಲಿಯೇ ಆಟದ ಸಾಮಗ್ರಿ ಮಾರುವುದು ಔಚಿತ್ಯವಲ್ಲವೆಂಬ ವಿವೇಕ ತಯಾರಕನಿಗಿರಬೇಕು.

ಅವಶೇಷದ ರಾಶಿಗೂ ಲೆಕ್ಕವಿದೆ. ಗೋಡೆಯಿಂದ ಎಷ್ಟು ಭಾಗ ಕಾಣೆಯಾಗಿದೆಯೋ ಅದಕ್ಕೆ ತಕ್ಕ ರಾಶಿ ಬುಡದಲ್ಲಿರಬೇಕು. ಸಡಿಲ ರಾಶಿಯು ಸಾಮಾನ್ಯವಾಗಿ 30ರಿಂದ 40 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ. ಕೆಂಪು ಇಟ್ಟಿಗೆಯ ಗೋಡೆಯ ಬುಡದಲ್ಲಿ ಬೂದು ಕಾಂಕ್ರೀಟ್ ಚೂರುಗಳನ್ನಷ್ಟೇ ಸುರಿದರೆ ನೋಡುವ ಕಣ್ಣು ತಕ್ಷಣವೇ ಸಂಶಯಪಡುತ್ತದೆ.

ಅಳತೆ ಮತ್ತು ಆಟದ ಅನುಕೂಲ

28 ಮಿ.ಮೀ. ಗೊಂಬೆಗೆ ಒಪ್ಪುವ ಪ್ರಮಾಣವನ್ನು ಸ್ಥೂಲವಾಗಿ 56ಕ್ಕೆ 1 ಎಂದು ಹಿಡಿಯಬಹುದು. ಅದರಂತೆ 215 ಮಿ.ಮೀ. ಉದ್ದದ ಬ್ರಿಟಿಷ್ ಇಟ್ಟಿಗೆಯು ಮಾದರಿಯಲ್ಲಿ 4 ಮಿ.ಮೀ.ಗಿಂತ ತುಸು ಕಡಿಮೆಯಾಗುತ್ತದೆ, 2.1 ಮೀಟರ್ ಎತ್ತರದ ಬಾಗಿಲು 37ರಿಂದ 38 ಮಿ.ಮೀ. ಆಗುತ್ತದೆ, 150 ಮಿ.ಮೀ. ದಪ್ಪದ ಸ್ಲ್ಯಾಬು 3 ಮಿ.ಮೀ. ಎಂ.ಡಿ.ಎಫ್. ಹಲಗೆಗೆ ಬಹುತೇಕ ಹೊಂದುತ್ತದೆ.

ಆದರೆ ಎಲ್ಲವನ್ನೂ ಲೆಕ್ಕದಂತೆಯೇ ಮಾಡಲಾಗದು. 3 ಮೀಟರ್ ಎತ್ತರದ ಅಂತಸ್ತು ಪ್ರಮಾಣದಂತೆ 54 ಮಿ.ಮೀ. ಆದರೂ, ಆಟಗಾರನ ಕೈ ಒಳಗೆ ಹೋಗಬೇಕಾದುದರಿಂದ ಅದನ್ನು 75 ಮಿ.ಮೀ. ಆಸುಪಾಸಿನಲ್ಲಿ ಇಡುವುದು ರೂಢಿ. 12 ಮಿ.ಮೀ. ಸರಳು ಪ್ರಮಾಣದಂತೆ 0.2 ಮಿ.ಮೀ. ಆಗುತ್ತದೆ, ಅದು ಕಣ್ಣಿಗೂ ಕಾಣದು, ಕೈತಾಕಿದರೆ ಉಳಿಯದು. ಹಾಗಾಗಿ 0.5 ಮಿ.ಮೀ. ತಂತಿ ಬಳಸುತ್ತಾರೆ. ಗೊಂಬೆಗಳ ಅಡಿಬಿಲ್ಲೆಗಳು 25ರಿಂದ 32 ಮಿ.ಮೀ. ಅಗಲವಿರುವುದರಿಂದ, ಎಷ್ಟೇ ಒಡೆದ ನೆಲವಾದರೂ ಅವು ಸಮವಾಗಿ ನಿಲ್ಲುವಷ್ಟು ಜಾಗ ಬಿಡಬೇಕು.

ಆಟದ ನಿಯಮಗಳೂ ಉತ್ಪನ್ನದ ಆಕಾರವನ್ನು ನಿರ್ಧರಿಸುತ್ತವೆ. ‘ವಾರ್‌ಹ್ಯಾಮರ್ 40,000’ ಆಟದ 2020ರ ಆವೃತ್ತಿಯು ಸಾಮಾನ್ಯ ಪಂದ್ಯಕ್ಕೆ 44 ಅಂಗುಲ ಅಗಲ, 60 ಅಂಗುಲ ಉದ್ದದ ಕನಿಷ್ಠ ಮೇಜನ್ನು ಸೂಚಿಸಿತು. 2023ರ ಆವೃತ್ತಿಯು ಹಾಳು ಕಟ್ಟಡಗಳ ಆಚೆಗಿನ ಗೊಂಬೆಗಳು ಕಾಣುವುದಿಲ್ಲವೆಂಬ ನಿಯಮವನ್ನು ಸ್ಪಷ್ಟಪಡಿಸಿದ ಮೇಲೆ, ಪಂದ್ಯಾವಳಿಗಳಲ್ಲಿ ಎರಡು ಗೋಡೆ ಕೂಡಿದ ಮೂಲೆಯಾಕಾರದ ತುಣುಕುಗಳಿಗೆ ಪ್ರಾಮುಖ್ಯ ಬಂದಿತು. ನಿಯಮ ಬದಲಾದರೆ ದಾಸ್ತಾನು ಹಳತಾಗುತ್ತದೆಂಬುದನ್ನು ಈ ಕಸುಬಿನವರು ಮರೆಯುವಂತಿಲ್ಲ.

ಕಾಲದ ಗುರುತು ಮತ್ತು ಬಣ್ಣ

ಯುದ್ಧದ ಮರುದಿನದ ನಗರವೂ ಮೂವತ್ತು ವರ್ಷ ಪಾಳುಬಿದ್ದ ನಗರವೂ ಒಂದೇ ಅಲ್ಲ. 1970ರಲ್ಲಿ ಸ್ಥಾಪನೆಯಾದ ಪ್ರಿಪ್ಯಾತ್ ನಗರವನ್ನು ಚೆರ್ನೋಬಿಲ್ ದುರಂತದ ಮರುದಿನ, ಅಂದರೆ 1986ರ ಏಪ್ರಿಲ್ 27ರಂದು, ತೆರವುಗೊಳಿಸಲಾಯಿತು. ಅಲ್ಲಿನ ಕಟ್ಟಡಗಳನ್ನು ಬಾಂಬು ಕೆಡವಲಿಲ್ಲ. ನೀರು, ಹಿಮ ಮತ್ತು ಗಿಡಮರಗಳು ಶಿಥಿಲಗೊಳಿಸುತ್ತ ಬಂದಿವೆ. ಮೊದಲ ಬಗೆಯ ಮಾದರಿಗೆ ಮಸಿ, ಧೂಳು ಮತ್ತು ಹೊಸ ಒಡಕಿನ ತಿಳಿಬಣ್ಣ ಬೇಕು. ಎರಡನೆಯದಕ್ಕೆ ತುಕ್ಕಿನ ಇಳಿಗೆರೆ, ಪಾಚಿ ಮತ್ತು ಸಂದುಗಳಲ್ಲಿ ಬೇರೂರಿದ ಗಿಡಗಳು ಬೇಕು.

ಬಣ್ಣದ ಕೆಲಸವು ಗಾಢದಿಂದ ತಿಳಿಗೆ ಸಾಗುತ್ತದೆ. ಕಡುಬಣ್ಣದ ತಳಲೇಪನ ಒಣಗಿದ ಮೇಲೆ, ಕುಂಚಕ್ಕೆ ಹತ್ತಿದ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದ ಅಲ್ಪ ಬಣ್ಣವನ್ನು ಉಬ್ಬುಗಳ ಮೇಲಷ್ಟೇ ತೀಡುತ್ತಾರೆ. ತೀರ ನೀರಾದ ಕಡುಬಣ್ಣವನ್ನು ಸಂದುಗಳಿಗೆ ಇಳಿಯಬಿಡುತ್ತಾರೆ. ಬೆಂಕಿಯ ಮಸಿ ಕಿಟಕಿಯ ಮೇಲ್ಭಾಗದಲ್ಲಿರಬೇಕು, ತುಕ್ಕು ಸರಳಿನ ಕೆಳಭಾಗದಲ್ಲಿರಬೇಕು. ಧೂಳು ಅಡ್ಡ ಮೇಲ್ಮೈಗಳಲ್ಲಿ ನಿಲ್ಲುತ್ತದೆ. ಎಲ್ಲ ತುಣುಕುಗಳ ಬುಡಕ್ಕೂ ಒಂದೇ ಧೂಳಿನ ಬಣ್ಣ ಕೊಟ್ಟರೆ ಬಿಡಿ ಕಟ್ಟಡಗಳು ಕೂಡಿ ಒಂದೇ ನಗರವಾಗಿ ಕಾಣುತ್ತವೆ.

ಥರ್ಮಾಕೋಲ್ ಅಥವಾ ಅದೇ ಜಾತಿಯ ಗಟ್ಟಿ ನೊರೆಹಲಗೆ ಬಳಸುವವರು ಸ್ಪ್ರೇ ಬಣ್ಣವನ್ನು ನೇರವಾಗಿ ಸಿಂಪಡಿಸಬಾರದು. ಅದರಲ್ಲಿನ ದ್ರಾವಕವು ಹಲಗೆಯನ್ನು ಕರಗಿಸುತ್ತದೆ. ಮೊದಲು ಬಿಳಿ ಅಂಟು ಮತ್ತು ನೀರಿನಲ್ಲಿ ಕರಗುವ ಕಪ್ಪು ಬಣ್ಣದ ಮಿಶ್ರಣವನ್ನು ಬಳಿದು ಮೇಲ್ಮೈಯನ್ನು ಮುಚ್ಚಬೇಕು.

ತಯಾರಿಕಾ ವಿಧಾನಗಳು

1. ಇಂಜೆಕ್ಷನ್ ಮೋಲ್ಡಿಂಗ್: ಉಕ್ಕಿನ ಅಚ್ಚಿಗೆ ಭಾರೀ ಬಂಡವಾಳ ಬೇಕು, ಪ್ರತಿ ತುಣುಕಿನ ವೆಚ್ಚ ಅತ್ಯಲ್ಪ. ಸಾವಿರಾರು ಪ್ರತಿಗಳ ಮಾರಾಟ ಖಚಿತವಿದ್ದರೆ ಮಾತ್ರ ಲಾಭಕರ.

2. ಸಿಲಿಕೋನ್ ಅಚ್ಚಿನಲ್ಲಿ ರಾಳ ಅಥವಾ ಪ್ಲಾಸ್ಟರ್ ಎರಕ: ಆರಂಭಿಕ ವೆಚ್ಚ ಕಡಿಮೆ, ಸೂಕ್ಷ್ಮ ವಿವರ ಚೆನ್ನಾಗಿ ಮೂಡುತ್ತದೆ. ಆದರೆ ಅಚ್ಚು ಸವೆಯುತ್ತದೆ, ಕೈಕೆಲಸ ಹೆಚ್ಚು.

3. ಲೇಸರ್‌ನಿಂದ ಕತ್ತರಿಸಿದ ಎಂ.ಡಿ.ಎಫ್.: ಅಚ್ಚೇ ಬೇಡ, ವಿನ್ಯಾಸವನ್ನು ಬೇಕಾದಾಗ ಬದಲಿಸಬಹುದು. ಮೇಲ್ಮೈ ಚಪ್ಪಟೆಯಾಗಿರುವುದು ಇದರ ಕೊರತೆ.

4. ಮೂರು ಆಯಾಮದ ಮುದ್ರಣ: ಒಂದು ಕಟ್ಟಡಕ್ಕೆ ಹಲವು ಗಂಟೆಗಳು ಹಿಡಿಯುತ್ತವೆ. ಆದರೆ ವಸ್ತುವನ್ನಲ್ಲದೆ ವಿನ್ಯಾಸದ ಕಡತವನ್ನೇ ಮಾರಬಹುದು. ನ್ಯೂಜಿಲೆಂಡಿನ ಪ್ರಿಂಟಬಲ್ ಸೀನರಿ ಸಂಸ್ಥೆ ಈ ಮಾರ್ಗದಲ್ಲಿ ಹೆಸರು ಮಾಡಿದೆ.

ಸಾಗಣೆ ವೆಚ್ಚವೂ ವಿಧಾನದ ಆಯ್ಕೆಯನ್ನು ನಿರ್ಧರಿಸುತ್ತದೆ. ಹಾಳು ಕಟ್ಟಡದೊಳಗೆ ಇರುವುದು ಬಹುಪಾಲು ಗಾಳಿ. ಕೊರಿಯರ್ ಸಂಸ್ಥೆಗಳು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬರುವ ಗಾತ್ರತೂಕಕ್ಕೆ ದರ ಹಾಕುವುದು ಸಾಮಾನ್ಯ. ಜೋಡಿಸಿದ 30×25×20 ಸೆಂ.ಮೀ. ಕಟ್ಟಡದ ಗಾತ್ರತೂಕ 3 ಕಿಲೋ. ಅದನ್ನೇ ಬಿಡಿ ಹಲಗೆಗಳಾಗಿ 3 ಸೆಂ.ಮೀ. ಎತ್ತರದ ಪೆಟ್ಟಿಗೆಯಲ್ಲಿಟ್ಟರೆ ಗಾತ್ರತೂಕ 450 ಗ್ರಾಂಗೆ ಇಳಿಯುತ್ತದೆ. ಆಗ ಸಾಗಣೆ ದರವು ಹಲಗೆಗಳ ನಿಜತೂಕವನ್ನು ಅವಲಂಬಿಸುತ್ತದೆ. ಎಂ.ಡಿ.ಎಫ್. ಮಾದರಿಗಳು ಅಂಚೆ ಮೂಲಕ ಮಾರುವ ಸಣ್ಣ ತಯಾರಕರಿಗೆ ಒಗ್ಗಿಬಂದುದರ ಹಿಂದೆ ಈ ಲೆಕ್ಕಾಚಾರವೂ ಇದೆ.

ಇಲ್ಲಿನ ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಲೇಸರ್ ಕತ್ತರಿಕೆ ಹಾಗೂ ಅಚ್ಚು ತಯಾರಿಕೆಯ ಕೌಶಲ ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಈಗಾಗಲೇ ಇದೆ. ಈ ಕಸುಬಿಗೆ ಕೈಹಾಕುವವರು ಕೆಲವು ವಿಷಯಗಳನ್ನು ಮೊದಲೇ ತಿಳಿದಿರುವುದು ಒಳಿತು.

ಅಲಂಕಾರಕ್ಕೆ ಬಳಸುವ ಥರ್ಮಾಕೋಲ್‌ನ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ಭಾರತದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಈ ನಿಷೇಧ ತಮ್ಮ ಉತ್ಪನ್ನಕ್ಕೆ ಅನ್ವಯಿಸುತ್ತದೆಯೇ ಎಂಬುದನ್ನು ತಜ್ಞರಲ್ಲಿ ವಿಚಾರಿಸಿಯೇ ಮುಂದುವರಿಯಬೇಕು; ಎಂ.ಡಿ.ಎಫ್. ಅಥವಾ ರಟ್ಟನ್ನು ಆರಿಸಿಕೊಂಡರೆ ಆ ಚಿಂತೆಯಿಲ್ಲ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಯಲ್ಲಿದ್ದು, 14 ವರ್ಷದೊಳಗಿನ ಮಕ್ಕಳ ಆಟಕ್ಕೆ ಉದ್ದೇಶಿಸಿದ ವಸ್ತುಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾಗಿದೆ. ಪೆಟ್ಟಿಗೆಯ ಮೇಲೆ ‘ವಯಸ್ಕರಿಗೆ’ ಎಂದು ಮುದ್ರಿಸಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ವಸ್ತುವಿನ ಸ್ವರೂಪವೂ ಅದಕ್ಕೆ ತಕ್ಕಂತಿರಬೇಕು.

ಸನ್‌ಬೋರ್ಡ್ ಎಂಬ ಹೆಸರಿನಲ್ಲಿ ಸಿಗುವ ಪಿ.ವಿ.ಸಿ. ಹಲಗೆಯನ್ನು ಲೇಸರ್‌ನಿಂದ ಕತ್ತರಿಸಲೇಬಾರದು. ಅದರಿಂದ ಹೊರಡುವ ಹೈಡ್ರೋಜನ್ ಕ್ಲೋರೈಡ್ ಅನಿಲವು ಕಾರ್ಮಿಕರ ಶ್ವಾಸಕೋಶಕ್ಕೂ ಯಂತ್ರಕ್ಕೂ ಹಾನಿಕರ. ಎಂ.ಡಿ.ಎಫ್. ಹೊಗೆಗೆ ಹೊರಹೀರುವ ವ್ಯವಸ್ಥೆ ಬೇಕು.

ಪ್ರಸಿದ್ಧ ಆಟಗಳ ಲಾಂಛನ, ಹೆಸರು ಮತ್ತು ವಿಶಿಷ್ಟ ವಿನ್ಯಾಸಗಳನ್ನು ನಕಲು ಮಾಡಿದರೆ ವ್ಯಾಜ್ಯ ಖಚಿತ. ಕುಸಿದ ಇಟ್ಟಿಗೆ ಗೋಡೆಗಾದರೋ ಯಾರೂ ಒಡೆಯರಲ್ಲ.

ಇಲ್ಲಿಯೇ ಸಣ್ಣ ತಯಾರಕನ ಬಂಡವಾಳವೂ ಅಡಗಿದೆ. ಯಂತ್ರವನ್ನು ಯಾರು ಬೇಕಾದರೂ ಕೊಳ್ಳಬಹುದು. ಹಲಗೆ, ಅಂಟು, ಬಣ್ಣಗಳು ಎಲ್ಲೆಡೆಯೂ ದೊರೆಯುತ್ತವೆ. ಕಟ್ಟಡವೊಂದು ಏಕೆ ಬಿದ್ದಿತು, ಯಾವ ಭಾಗ ಏಕೆ ಉಳಿಯಿತು, ಉಳಿದುದರ ಮೇಲೆ ಮಳೆಗಾಳಿಗಳು ಏನು ಮಾಡಿದವು ಎಂಬ ತಿಳಿವಳಿಕೆ ಮಾತ್ರ ಯಂತ್ರದೊಡನೆ ಬರುವುದಿಲ್ಲ. ಅದನ್ನು ಗಳಿಸಿಕೊಂಡವನು ಎರಕದಲ್ಲಿಯೇ ಮಾಡಲಿ, ಹಲಗೆಯಲ್ಲಿಯೇ ಮಾಡಲಿ, ಬರಿಯ ಕಡತವನ್ನೇ ಮಾರಲಿ, ಗ್ರಾಹಕ ಅವನನ್ನು ಗುರುತಿಸುತ್ತಾನೆ.