ಗೇರ್‌ಬಾಕ್ಸ್ ಕೂರದಿದ್ದರೆ ಬೋಲ್ಟ್ ಬಿಗಿದರೆ ಸಾಕೇ? ಅರ್ಧ ಸತ್ಯ, ಪೂರ್ತಿ ಅಪಾಯ

ಮನೆಯಲ್ಲೇ ಕಾರಿನ ಕ್ಲಚ್ ಬದಲಿಸುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಹಳೇ ಕ್ಲಚ್ ಪ್ಲೇಟ್ ತೆಗೆದು ಹೊಸದನ್ನು ಹಾಕುವವರೆಗೆ ಎಲ್ಲವೂ ಸುಲಭವಾಗಿಯೇ ಕಾಣುತ್ತದೆ. ಕಷ್ಟ ಶುರುವಾಗುವುದು ಕೆಳಗಿಳಿಸಿದ ಗೇರ್‌ಬಾಕ್ಸನ್ನು ಮತ್ತೆ ಎಂಜಿನ್‌ಗೆ ಸೇರಿಸುವಾಗ. ಅದು ಒಳಗೆ ಬಂದಂತೆ ಮಾಡಿ, ಬೆರಳಗಲದ ಸಂದು ಬಿಟ್ಟು ನಿಂತುಬಿಡುತ್ತದೆ. ಆಗ ಕೇಳಿಬರುವ ಸಲಹೆ: “ಬೋಲ್ಟ್ ಹಾಕಿ ಬಿಗಿಯುತ್ತಾ ಹೋಗಿ, ಅದೇ ಎಳೆದುಕೊಂಡು ಕೂರುತ್ತದೆ.” ಇದು ನಿಜವೇ?

ನಿಜವಲ್ಲ. ಆ ಬೋಲ್ಟ್‌ಗಳು ಇರುವುದು ಕೂತ ಗೇರ್‌ಬಾಕ್ಸನ್ನು ಹಿಡಿದಿಡಲು, ಕೂರದೇ ಇರುವುದನ್ನು ಎಳೆಯಲು ಅಲ್ಲ. ಯಾಕೆ ಎಂದು ನೋಡೋಣ.

ಒಳಗೆ ಏನಿದೆ?

ಎಂಜಿನ್ ಜೊತೆಗೇ ತಿರುಗುವ ದಪ್ಪ ಚಕ್ರ ಫ್ಲೈವೀಲ್. ಅದಕ್ಕೆ ಬೋಲ್ಟ್ ಮಾಡಿರುವುದು ಪ್ರೆಶರ್ ಪ್ಲೇಟ್. ಇವೆರಡರ ನಡುವೆ, ರೊಟ್ಟಿಗಳ ಮಧ್ಯೆ ಪಲ್ಯ ಇದ್ದ ಹಾಗೆ, ಕ್ಲಚ್ ಪ್ಲೇಟ್ ಸಿಕ್ಕಿಕೊಂಡಿರುತ್ತದೆ. ಅದರ ನಡುವಿನ ತೂತಿನ ಒಳಗೆಲ್ಲಾ ಹಲ್ಲುಗಳು. ಗೇರ್‌ಬಾಕ್ಸಿನಿಂದ ಹೊರಚಾಚಿದ ಇನ್‌ಪುಟ್ ಶಾಫ್ಟಿನ ಮೇಲೂ ಅದಕ್ಕೆ ಹೊಂದುವ ಹಲ್ಲುಗಳಿವೆ. ಶಾಫ್ಟು ಈ ತೂತಿನ ಮೂಲಕ ನೇರವಾಗಿ ಹೋಗಬೇಕು. ಕೆಲವು ಗಾಡಿಗಳಲ್ಲಿ ಅದರ ತುದಿ ಇನ್ನೂ ಮುಂದೆ ಹೋಗಿ, ಎಂಜಿನ್ ಕಡೆ ಇರುವ ಚಿಕ್ಕ ಬೇರಿಂಗಿನೊಳಗೆ ಕೂರಬೇಕು.

ಪ್ರೆಶರ್ ಪ್ಲೇಟ್ ಬಿಗಿದ ಮೇಲೆ ಕ್ಲಚ್ ಪ್ಲೇಟ್ ಅಲುಗಾಡುವುದಿಲ್ಲ. ಅದು ನಡುಮಧ್ಯದಿಂದ ಒಂದೆರಡು ಮಿಲಿಮೀಟರ್ ಸರಿದು ಕೂತಿದ್ದರೂ ಸಾಕು, ಗೇರ್‌ಬಾಕ್ಸ್ ಪೂರ್ತಿ ಒಳಗೆ ಹೋಗದೆ ನಿಲ್ಲಬಹುದು. ಹೊಸ ಕ್ಲಚ್ ಕಿಟ್‌ಗಳ ಜೊತೆ ಎಷ್ಟೋ ಸಲ ಬರುವ ಪ್ಲಾಸ್ಟಿಕ್ ಕೋಲು ಇರುವುದೇ ಇದಕ್ಕೆ. ಪ್ರೆಶರ್ ಪ್ಲೇಟ್ ಬಿಗಿದು ಮುಗಿಯುವವರೆಗೂ ಆ ಕೋಲು ಕ್ಲಚ್ ಪ್ಲೇಟನ್ನು ನಡುವಿನಲ್ಲಿ ಹಿಡಿದಿರುತ್ತದೆ.

ಬಿಗಿದರೆ ಏನಾಗುತ್ತದೆ?

ಗೇರ್‌ಬಾಕ್ಸಿನ ಕವಚ ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಬೋಲ್ಟು ಉಕ್ಕಿನದು. ಶಾಫ್ಟು ಅಡ್ಡ ನಿಂತಿರುವಾಗ ಸ್ಪ್ಯಾನರ್ ತಿರುಗಿಸಿದರೆ, ಬೋಲ್ಟ್ ಕೂರುವ ಕಿವಿ ಮುರಿಯಬಹುದು ಅಥವಾ ಎಂಜಿನ್ ಬ್ಲಾಕಿನ ಮರೆ ಕಿತ್ತುಹೋಗಬಹುದು. ಕ್ಲಚ್ ಪ್ಲೇಟಿನ ನಡುಭಾಗ ಬಗ್ಗಿದರಂತೂ ಮೇಲ್ನೋಟಕ್ಕೆ ತಿಳಿಯುವುದೇ ಇಲ್ಲ. ಗಾಡಿ ಸ್ಟಾರ್ಟ್ ಆದ ಮೇಲೆ ಕ್ಲಚ್ ಸರಿಯಾಗಿ ಬಿಡುವುದಿಲ್ಲ, ಗೇರ್ ಕರಕರ ಎನ್ನುತ್ತದೆ, ಹೊರಡುವಾಗ ನಡುಗುತ್ತದೆ. ಆಗ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಗೇರ್‌ಬಾಕ್ಸಿನ ಭಾರವನ್ನೆಲ್ಲ ಶಾಫ್ಟಿನ ಮೇಲೆ ನೇತುಬಿಟ್ಟರೂ ಇದೇ ಗತಿ.

ಹಾಗಾದರೆ ಅರ್ಧ ಸತ್ಯ ಯಾವುದು?

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಡೋವೆಲ್ ಎಂಬ ಚಿಕ್ಕ ಪಿನ್‌ಗಳಿರುತ್ತವೆ. ಅವು ಬಿಗಿಯಾಗಿಯೇ ಕೂರುತ್ತವೆ. ಶಾಫ್ಟು ಪೂರ್ತಿ ಒಳಹೋಗಿ, ಪಿನ್‌ಗಳೂ ತೂತಿಗೆ ಸಿಕ್ಕ ಮೇಲೆ ಉಳಿಯುವ ಕೂದಲೆಳೆಯಷ್ಟು ಸಂದನ್ನು ಎದುರುಬದುರು ಬೋಲ್ಟ್‌ಗಳಿಂದ ಸ್ವಲ್ಪಸ್ವಲ್ಪವೇ ಮುಚ್ಚಬಹುದು. ನುರಿತ ಮೆಕ್ಯಾನಿಕ್ ಮಾಡುವುದು ಇದನ್ನೇ. ನೋಡಿದವರಿಗೆ ಬೋಲ್ಟೇ ಎಳೆದಂತೆ ಕಾಣುತ್ತದೆ.

ಸಂದು ಉಳಿದರೆ ಏನು ಮಾಡಬೇಕು?

ಕೈ ನಿಲ್ಲಿಸಿ. ಸಂದು ಸುತ್ತಲೂ ಸಮವಾಗಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಮೇಲೆ ಹೆಚ್ಚು, ಕೆಳಗೆ ಕಡಿಮೆ ಇದ್ದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಓರೆಯಲ್ಲಿಲ್ಲ ಎಂದರ್ಥ. ಜ್ಯಾಕನ್ನು ತುಸು ಏರಿಸಿ, ಇಳಿಸಿ ಸರಿಮಾಡಿ. ನಡುವೆ ವೈರೋ ಬ್ರಾಕೆಟ್ಟೋ ಸಿಕ್ಕಿಕೊಂಡಿದೆಯೇ ನೋಡಿ. ಹಲ್ಲಿಗೆ ಹಲ್ಲು ಕೂಡುತ್ತಿಲ್ಲ ಅನ್ನಿಸಿದರೆ ಎಂಜಿನ್ ಪುಲ್ಲಿಯನ್ನು ಸ್ಪ್ಯಾನರಿನಿಂದ ಸ್ವಲ್ಪ ತಿರುಗಿಸಿ, ಮತ್ತೆ ಪ್ರಯತ್ನಿಸಿ. ಯಾವುದಕ್ಕೂ ಬಗ್ಗದಿದ್ದರೆ ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಪ್ಲೇಟ್ ನಡುವಿನಲ್ಲಿದೆಯೇ, ತಿರುಗುಮುರುಗಾಗಿ ಹಾಕಿದ್ದೇವೆಯೇ ಎಂದು ನೋಡುವುದೇ ದಾರಿ. ಅದಕ್ಕೆ ಅರ್ಧ ಗಂಟೆ ಹೋಗಬಹುದು. ಒಡೆದ ಕವಚಕ್ಕೆ ಹೋಗುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಶಾಫ್ಟಿನ ಹಲ್ಲಿಗೆ “ಚೆನ್ನಾಗಿ ಗ್ರೀಸ್ ಮೆತ್ತಿ” ಎಂಬ ಸಲಹೆಯನ್ನೂ ನಂಬಬೇಡಿ. ತೆಳುವಾಗಿ ಸವರಿದರೆ ಸಾಕು. ಹೆಚ್ಚಾದದ್ದು ತಿರುಗುವಾಗ ಸಿಡಿದು ಕ್ಲಚ್ ಪ್ಲೇಟಿಗೆ ತಾಗಿದರೆ, ಹೊಸ ಕ್ಲಚ್ಚೇ ಜಾರತೊಡಗುತ್ತದೆ.

ಜೀವಕ್ಕಿಂತ ಕ್ಲಚ್ ದೊಡ್ಡದಲ್ಲ

ಜ್ಯಾಕ್ ಇರುವುದು ಗಾಡಿಯನ್ನು ಎತ್ತಲು. ಎತ್ತಿದ ಗಾಡಿಯನ್ನು ಹೊರಲು ಸ್ಟ್ಯಾಂಡ್‌ಗಳೇ ಬೇಕು. ಬರೀ ಜ್ಯಾಕ್ ನಂಬಿ, ಇಟ್ಟಿಗೆ ಜೋಡಿಸಿ ಕೆಳಗೆ ನುಸುಳಬೇಡಿ. ನೆಲ ಗಟ್ಟಿಯಾಗಿ, ಮಟ್ಟವಾಗಿರಲಿ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿರಲಿ. ಗೇರ್‌ಬಾಕ್ಸ್ ಹಿಡಿಯಲು ಇನ್ನೊಬ್ಬರು ಜೊತೆಗಿರಲಿ. ಸಂದಿನೊಳಗೆ ಬೆರಳು ಹಾಕಿ ನೋಡುವ ಅಭ್ಯಾಸ ಬೇಡವೇ ಬೇಡ. ಭಾರ ಸರಕ್ಕನೆ ಜಾರಿ ಕೂತರೆ ಬೆರಳು ಉಳಿಯುವುದಿಲ್ಲ.

ಕೊನೆಗೆ

ಬೋಲ್ಟ್‌ಗಳನ್ನು ಆ ಗಾಡಿಯ ಕೈಪಿಡಿ ಹೇಳುವಷ್ಟೇ ಬಿಗಿಯಿರಿ. ಬಿಗಿಯುವ ನಡುನಡುವೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಪುಲ್ಲಿ ತಿರುಗಿಸಿ ನೋಡಿ. ಬಿಗಿಬಿಗಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಮುಂದಿನ ಚಕ್ರ ಓಡಿಸುವ ಗಾಡಿಗಳಲ್ಲಿ ಡ್ರೈವ್ ಶಾಫ್ಟ್ ಕಳಚುವಾಗ ಗೇರ್ ಆಯಿಲ್ ಸೋರಿಹೋಗುತ್ತದೆ. ಅದನ್ನು ತುಂಬದೆ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ಮನೆಯಲ್ಲಿ ಈ ಕೆಲಸ ಮಾಡಲೇಬಾರದು ಎಂದು ನಾವು ಹೇಳುತ್ತಿಲ್ಲ. ಆದರೆ ಗೇರ್‌ಬಾಕ್ಸ್ ನಿಂತುಬಿಟ್ಟರೆ ಅದು ಏನೋ ಅಡ್ಡ ಇದೆ ಎಂದು ಹೇಳುತ್ತಿದೆ. “ಬಿಗಿಯಿರಿ, ಕೂರುತ್ತದೆ” ಎಂಬ ಮಾತು ನಿಮ್ಮ ಗ್ರೂಪಿಗೂ ಬಂದರೆ, ಮುಂದಕ್ಕೆ ಕಳಿಸುವ ಮುನ್ನ ಜೊತೆಗೆ ಇದನ್ನೂ ಸೇರಿಸಿ: ಮೊದಲು ಕೂರಲಿ, ಆಮೇಲೆ ಬಿಗಿಯೋಣ.