ಎರವಲು ಕಂಠ

ಮೂಡುಬಿದಿರೆಯ ಸುತ್ತಿನ ಬಯಲಾಟಗಳನ್ನು ನೋಡಿ ಬೆಳೆದವರಿಗೆ ಒಂದು ಸಂಗತಿ ವಿಚಿತ್ರವೆನಿಸುವುದೇ ಇಲ್ಲ. ರಂಗದಲ್ಲಿ ಕುಣಿಯುವವನು ಅಭಿಮನ್ಯು. ಅವನ ಪದ್ಯವನ್ನು ಹಾಡುವವರು ಹಿಂದೆ ಕುಳಿತ ಭಾಗವತರು. ದೇಹ ಒಬ್ಬರದು, ಕಂಠ ಇನ್ನೊಬ್ಬರದು. ಭಾಗವತರು ಕಣ್ಣೆದುರಿಗೇ ಇರುವುದರಿಂದ ಇದರಲ್ಲಿ ವಂಚನೆಯಿಲ್ಲ. ಚಲಚ್ಚಿತ್ರದಲ್ಲಾದರೋ ಹಾಡುವವನು ಮರೆಯಲ್ಲಿರುತ್ತಾನೆ. ಕಥಾನಾಯಕನು ಸಂಗೀತಗಾರನೇ ಆದಾಗ ಈ ಮರೆಯೇ ಪ್ರಶ್ನೆಯಾಗುತ್ತದೆ: ಒಬ್ಬ ಹಾಡುಗಾರನ ಬಾಳನ್ನು ಮತ್ತೊಬ್ಬನ ಕಂಠದಿಂದ ಹೇಳಬಹುದೆ?

ಜಿ. ವಿ. ಅಯ್ಯರ್ ಅವರು ತ. ರಾ. ಸು. ಅವರ ಕಾದಂಬರಿಯಿಂದ 1975ರಲ್ಲಿ ನಿರ್ಮಿಸಿದ 'ಹಂಸಗೀತೆ'ಯನ್ನು ನೆನೆಯೋಣ. ಚಿತ್ರದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನಾದವರು ಅನಂತನಾಗ್. ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು ಬಾಲಮುರಳಿಕೃಷ್ಣ. ಇಲ್ಲಿ ಯಾರಿಗೂ ಅನ್ಯಾಯವಾಗಲಿಲ್ಲ. ಧ್ವನಿಮುದ್ರಣವೇ ಇಲ್ಲದ ಕಾಲದ ಗಾಯಕನಾದುದರಿಂದ ಹೋಲಿಸಿ ನೋಡಲು ಮೂಲ ಕಂಠವೇ ಉಳಿದಿರಲಿಲ್ಲ.

ಅಮೆರಿಕದ ರಿಚೀ ವ್ಯಾಲೆನ್ಸನ ಕತೆ ಹಾಗಲ್ಲ. ಕರಿಯರ ಬ್ಲೂಸ್ ಹಾಗೂ ಬಿಳಿಯರ ಹಳ್ಳಿಹಾಡುಗಳು ಬೆರೆತು ಹುಟ್ಟಿದ ರಾಕ್ ಅಂಡ್ ರೋಲ್ ಸಂಗೀತಕ್ಕೆ ಮೆಕ್ಸಿಕೋ ಮೂಲದ ಬಡ ಕುಟುಂಬದಿಂದ ಬಂದ ಹುಡುಗ ಈತ. ಹುಟ್ಟುಹೆಸರು ವ್ಯಾಲೆನ್ಸುವೆಲಾ; ಧ್ವನಿಮುದ್ರಿಕೆ ಮಾರುವವರ ಅನುಕೂಲಕ್ಕಾಗಿ ಅದು ಮೊಟಕಾಯಿತು. ಹಿರಿಯರ ಸ್ಪ್ಯಾನಿಷ್ ಭಾಷೆ ಅವನಿಗೆ ಚೆನ್ನಾಗಿ ಬರುತ್ತಿರಲಿಲ್ಲ. ಆದರೂ 1958ರಲ್ಲಿ ಅದೇ ಭಾಷೆಯ, ವೆರಾಕ್ರೂಸ್ ಪ್ರಾಂತದ ಜಾನಪದ ಗೀತೆ 'ಲಾ ಬಾಂಬಾ'ವನ್ನು ಗಿಟಾರಿನ ಹೊಸ ಗತ್ತಿನಲ್ಲಿ ಹಾಡಿದನು. 1959ರ ಫೆಬ್ರವರಿ 3ರಂದು ಅಯೋವಾ ಪ್ರಾಂತದಲ್ಲಿ ವಿಮಾನ ಬಿದ್ದು ಬಡಿ ಹಾಲಿಯೊಡನೆ ಮಡಿದಾಗ ಅವನಿಗೆ 17 ವರ್ಷ. ಧ್ವನಿಮುದ್ರಿಕೆಗಳ ಲೋಕದಲ್ಲಿ ಅವನು ಬಾಳಿದ್ದು ಸುಮಾರು ಎಂಟು ತಿಂಗಳು.

1987ರಲ್ಲಿ ಲೂಯಿಸ್ ವಾಲ್ಡೆಸ್ ಅವನ ಬಾಳನ್ನು 'ಲಾ ಬಾಂಬಾ' ಎಂಬ ಹೆಸರಿನಲ್ಲೇ ತೆರೆಗೆ ತಂದರು. ನಟ ಲೂ ಡೈಮಂಡ್ ಫಿಲಿಪ್ಸ್. ಕಂಠ 'ಲೋಸ್ ಲೋಬೋಸ್' ವಾದ್ಯವೃಂದದ್ದು. ಅವರೂ ಮೆಕ್ಸಿಕೋ ಮೂಲದವರೇ. ರಿಚೀ ಹಾಡಿದ ಗೀತೆ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ 22ನೆಯ ಸ್ಥಾನದವರೆಗೆ ಮಾತ್ರ ಏರಿತ್ತು. ಎರವಲು ಕಂಠದ ಗೀತೆ ಮೊದಲನೆಯ ಸ್ಥಾನಕ್ಕೇರಿತು!

ಇದು ಗೌರವವೋ, ಅಪಹರಣವೋ? ಚಿತ್ರ ಬಾರದಿದ್ದರೆ ಹುಡುಗನ ನೆನಪು ಮಸುಕಾಗುತ್ತಿತ್ತೆಂಬುದೂ ನಿಜ, ಚಿತ್ರ ಬಂದು ಅವನ ಕಂಠ ಮಸುಕಾಯಿತೆಂಬುದೂ ನಿಜ. 1978ರ 'ಬಡಿ ಹಾಲಿ ಸ್ಟೋರಿ'ಯಲ್ಲಿ ನಟ ಗ್ಯಾರಿ ಬ್ಯೂಸಿ ತಾನೇ ಹಾಡಿದರು. ಆದರೆ ಅದೂ ಹಾಲಿಯ ಕಂಠವಾಗಲಿಲ್ಲ.

ಎರವಲು ತಪ್ಪಲ್ಲ; ಎರವಲೆಂಬುದನ್ನು ಮರೆಯುವುದು ತಪ್ಪು. ನಮ್ಮ ಬಯಲಾಟದ ಪ್ರೇಕ್ಷಕ ಕುಣಿತವನ್ನು ನೋಡುತ್ತಲೇ ಭಾಗವತರನ್ನೂ ಕಾಣುತ್ತಾನೆ. ಅದೇ ಎಚ್ಚರ ಇಲ್ಲಿಯೂ ಬೇಕು. ಚಿತ್ರ ಮುಗಿದ ಬಳಿಕ ಆ ಹುಡುಗನೇ ಹಾಡಿದ ಎರಡು ನಿಮಿಷದ ಮುದ್ರಿಕೆಯನ್ನು ಒಮ್ಮೆ ಕೇಳಬೇಕು. ಅವನ ಋಣ ಸಲ್ಲುವುದು ಆಗಲೇ.